ಪಾಡ್‌ಕಾಸ್ಟ್ ಪಠ್ಯ | ಬೈಕ್ ಕೈ ಬದಲಾದರೆ ಸಾಲದು, ಹೆಸರೂ ಬದಲಾಗಬೇಕು

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಹಳ್ಳಿ ನಮ್ಮದು. ನಾಲ್ಕೂವರೆ ಎಕರೆ ಕಾಫಿ ತೋಟ, ಒಂದಿಷ್ಟು ಕರಿಮೆಣಸು ಉಂಟು. ಅದರಲ್ಲೇ ಸಂಸಾರ ಸಾಗೋದಿಲ್ಲ ಅಂತ ಮೈಸೂರಿನಲ್ಲಿ ಕೆಲಸ ಮಾಡ್ತೇನೆ. ಸೋಮವಾರ ಬೆಳಗ್ಗೆ ಹೋದರೆ ಶುಕ್ರವಾರ ಸಂಜೆ ಮನೆಗೆ. ಕುಶಾಲನಗರ, ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋಗಬೇಕು. ಒಂದು ದಾರಿಗೆ ನೂರು ಕಿಲೋಮೀಟರಿನ ಮೇಲೆ.

ಇವತ್ತು ನಾನು ಮಾತಾಡೋದು ಸೆಕೆಂಡ್ ಹ್ಯಾಂಡ್ ಬೈಕಿನ ಬಗ್ಗೆ. ಅದರಲ್ಲೂ ಸ್ಪೋರ್ಟ್ ಟೂರಿಂಗ್ ಅಂತಾರಲ್ಲ, ದೂರಕ್ಕೂ ಆಗಬೇಕು, ಸ್ವಲ್ಪ ವೇಗಕ್ಕೂ ಆಗಬೇಕು, ಅಂಥ ಬೈಕು. ಆದರೆ ಬೈಕ್ ಕೊಂಡ ಕಥೆ ಹೇಳುವ ಮೊದಲು ಒಂದು ಬೈಕ್ ಮಾರಿದ ಕಥೆ ಹೇಳಬೇಕು. ಪಾಠ ಕಲಿತದ್ದು ಅಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ಹಳೇ ಬೈಕನ್ನು ಒಬ್ಬರಿಗೆ ಮಾರಿದೆ. ದುಡ್ಡು ಎಣಿಸಿಕೊಂಡೆ, ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿಕೊಟ್ಟೆ, ಆರ್‌ಸಿ ಕೈಗಿಟ್ಟೆ. ‘ಹೆಸರು ಬದಲಾಯಿಸ್ಕೊಳ್ತೇನೆ ಅಣ್ಣ, ಮುಂದಿನ ವಾರವೇ’ ಅಂದರು. ಆಯ್ತು ಅಂದೆ. ಮರೆತೆ. ಎರಡೂವರೆ ವರ್ಷ ಆದಮೇಲೆ ಮನೆಗೊಂದು ನೋಟಿಸ್ ಬಂತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ. ನನ್ನ ಹೆಸರಿನ ಬೈಕು ಒಬ್ಬರಿಗೆ ಗುದ್ದಿದೆ, ಕಾಲು ಮುರಿದಿದೆ, ಮಾಲೀಕ ನಾನು, ಪರಿಹಾರ ಕೊಡಬೇಕು ಅಂತ.

ನಾನು ಮಾರಿದವರು ಇನ್ನೊಬ್ಬರಿಗೆ ಮಾರಿದ್ದರು. ಅವರು ಮತ್ತೊಬ್ಬರಿಗೆ. ಯಾರೂ ಹೆಸರು ಬದಲಾಯಿಸಿರಲಿಲ್ಲ. ಇನ್ಶೂರೆನ್ಸ್ ಮುಗಿದು ಎಷ್ಟೋ ಕಾಲವಾಗಿತ್ತು. ವಕೀಲರ ಹತ್ತಿರ ಓಡಿದೆ. ‘ಸರ್, ಬೈಕ್ ನನ್ನ ಹತ್ತಿರ ಇರಲೇ ಇಲ್ಲ’ ಅಂದೆ. ಅವರು ತಣ್ಣಗೆ ಹೇಳಿದರು: ‘ಆರ್‌ಟಿಒ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.’ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅಲ್ಲೂ ಒಂದು ಕಾರು ಕೈಯಿಂದ ಕೈಗೆ ಹೋಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. ಗಾಯಗೊಂಡವರು ವಾಹನ ಯಾರ ಯಾರ ಕೈ ದಾಟಿದೆ ಅಂತ ಹುಡುಕಿಕೊಂಡು ಅಲೆಯಬೇಕಾಗಿಲ್ಲ, ನೋಂದಾಯಿತ ಮಾಲೀಕನೇ ಹೊಣೆ ಅಂತ ತೀರ್ಪು.

ಎರಡು ವರ್ಷ ಕೋರ್ಟಿಗೆ ಅಲೆದೆ. ಕೊನೆಗೆ ರಾಜಿ ಆಯಿತು. ನನ್ನ ಪಾಲಿಗೆ ಎಪ್ಪತ್ತು ಸಾವಿರ ಬಂತು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಆ ಮನುಷ್ಯ ತೋಟದ ಕೆಲಸದವರು. ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದವರು. ಕೋರ್ಟಿನ ಜಗಲಿಯಲ್ಲಿ ಊರುಗೋಲು ಗೋಡೆಗೆ ಒರಗಿಸಿ ಕೂತಿದ್ದರು. ನಾನು ಹೋಗಿ ಪಕ್ಕ ಕೂತೆ. ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ನಾನು ಒಂದು ದಿನ ರಜೆ ಹಾಕಿ ಆರ್‌ಟಿಒ ಕಚೇರಿಗೆ ಹೋಗಿದ್ದರೆ, ಆ ಬೈಕಿಗೆ ಇನ್ಶೂರೆನ್ಸ್ ಮಾಡಿಸುವ ಹೊಣೆ ಸರಿಯಾದ ಒಬ್ಬರ ಮೇಲಾದರೂ ಇರ್ತಿತ್ತು. ಅವರಿಗೆ ಸಿಗಬೇಕಾದ್ದು ಪೂರ್ತಿ ಸಿಗ್ತಿತ್ತು. ಅದು ಈಗಲೂ ಮನಸ್ಸಲ್ಲಿ ಉಂಟು.

ಅದಾದ ಮೇಲೆ ಮೂರು ವರ್ಷ ಬೈಕೇ ಬೇಡ ಅಂತ ಬಸ್ಸಲ್ಲಿ ಓಡಾಡಿದೆ. ಹೋದ ವರ್ಷ ಮಳೆಗಾಲದ ಕೊನೆಗೆ ಮೆಣಸು ಮಾರಿದ ದುಡ್ಡು ಸ್ವಲ್ಪ ಕೈಯಲ್ಲಿತ್ತು. ‘ತಗೊಳ್ಳಿ, ಆದರೆ ಎರಡು ಮಾತು’ ಅಂದಳು ನನ್ನ ಹೆಂಡತಿ. ‘ಒಂದು, ಬೈಕಿಗೆ ಒಳ್ಳೆ ಬ್ರೇಕ್ ಇರಬೇಕು. ಎರಡು, ಕಾಗದ ಆಗದೆ ಬೈಕ್ ಅಂಗಳಕ್ಕೆ ಬರಬಾರದು.’

ಬ್ರೇಕಿನ ಮಾತು ಯಾಕೆ ಅಂದರೆ ಆನೆಕಾಡು. ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಬರುವಾಗ ಆ ಕಾಡಿನ ದಾರಿ ದಾಟಬೇಕು. ಹೆಸರೇ ಹೇಳ್ತದಲ್ಲ. ಕತ್ತಲಾದ ಮೇಲೆ ತಿರುವಿನಲ್ಲಿ ಯಾರು ನಿಂತಿರ್ತಾರೆ ಅಂತ ಹೇಳೋಕಾಗೋದಿಲ್ಲ. ಹಾಗಾಗಿ ಎಬಿಎಸ್ ಇರೋ ಬೈಕೇ ಬೇಕಿತ್ತು.

ಕೆಲವರು ಕೇಳ್ತಾರೆ, ಕೊಡಗಿನವರಿಗೆ ಎತ್ತರದ ಅಡ್ವೆಂಚರ್ ಬೈಕೇ ಸರಿಯಲ್ವಾ ಅಂತ. ತೋಟದೊಳಗೇ ಸುತ್ತೋರಿಗೆ ಹೌದು. ನನಗೆ ಮಣ್ಣಿನ ದಾರಿ ಇರೋದು ಅರ್ಧ ಕಿಲೋಮೀಟರ್, ಡಾಂಬರು ನೂರು ಕಿಲೋಮೀಟರ್. ಗಾಳಿ ಎದೆಗೆ ಹೊಡೆಯದ ಹಾಗೆ ಮುಂದೆ ಫೇರಿಂಗ್ ಇರಬೇಕು, ಬೆನ್ನು ಪೂರ್ತಿ ಬಗ್ಗಬಾರದು, ಹಿಂದೆ ಒಂದು ಬ್ಯಾಗ್ ಕಟ್ಟೋ ಹಾಗಿರಬೇಕು. ನಮ್ಮ ಅಪ್ಪನ ಕಾಲದಲ್ಲಿ ಈ ಕೆಲಸವನ್ನೆಲ್ಲ ಯೆಜ್ಡಿ ಮಾಡ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೀತು, ಅಲ್ಲಿಂದ ಬಂದ ಗಾಡಿಗಳು ಕೊಡಗಿನ ಎಷ್ಟೋ ತೋಟಗಳ ಶೆಡ್ಡಿನಲ್ಲಿ ಇದ್ದವು. ಆಮೇಲೆ 2003ರಲ್ಲಿ ಹೀರೋ ಹೋಂಡಾ ಕರಿಜ್ಮಾ, 2011ರಲ್ಲಿ ಹೋಂಡಾ ಸಿಬಿಆರ್ 250 ಆರ್, 2016ರ ಕೊನೆಗೆ ಬಜಾಜ್ ಡಾಮಿನಾರ್ 400. ದೊಡ್ಡ ದುಡ್ಡಿನವರಿಗೆ ಕವಾಸಕಿ ನಿಂಜಾ 650, 1000 ಇವೆ. ನನ್ನ ಕೈಯಲ್ಲಿದ್ದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಎಬಿಎಸ್ ಇರುವ ಸಿಬಿಆರ್ 250 ನೋಡೋಣ ಅಂತ ತೀರ್ಮಾನ ಮಾಡಿದೆ. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಇಲ್ಲಿ ಮಾರಾಟ ನಿಂತಿತು, ಹಾಗಾಗಿ ಸಿಗೋದೆಲ್ಲ ಹಳೆಯದೇ.

ಜೊತೆಗೆ ನಮ್ಮ ಮೆಕ್ಯಾನಿಕ್ ಇದ್ದರು. ಊರಲ್ಲಿ ಎಲ್ಲರೂ ಅವರನ್ನು ‘ಇಕ್ಕಾ’ ಅಂತಲೇ ಕರೆಯೋದು. ಮೂವತ್ತು ವರ್ಷದ ಅನುಭವ. ‘ಒಂದು ದಿನದ ಕೂಲಿ ಕೊಡು, ನಿನ್ನ ಐವತ್ತು ಸಾವಿರ ಉಳಿಸ್ತೇನೆ’ ಅಂದರು.

ಮೊದಲನೇ ಬೈಕು ಕಾವೇರಿ ಹೊಳೆ ಬದಿಯ ಒಂದು ಊರಲ್ಲಿತ್ತು. ಫಳಫಳ ಹೊಳೀತಿತ್ತು. ಬೆಲೆಯೂ ಕಡಿಮೆ. ನನಗೆ ಅಲ್ಲೇ ಮನಸ್ಸಾಯ್ತು. ಇಕ್ಕ ಸೀಟ್ ಬಿಚ್ಚಿದರು. ಬ್ಯಾಟರಿ ಪೆಟ್ಟಿಗೆಯ ಮೂಲೆಗೆ ಬೆರಳು ಹಾಕಿ ನನಗೆ ತೋರಿಸಿದರು. ನಯವಾದ ಕೆಸರು, ಒಣಗಿ ಪುಡಿಯಾಗಿತ್ತು. ವೈರಿಂಗ್ ಕನೆಕ್ಟರ್ ಒಂದನ್ನು ಎಳೆದರು, ಒಳಗೆ ಪಿನ್ನುಗಳು ಹಸಿರು ಹಿಡಿದಿದ್ದವು. ಹೆಡ್‌ಲೈಟ್ ಗಾಜಿನ ಒಳಗೆ ಸಣ್ಣ ಗೆರೆ, ನೀರು ಅಲ್ಲಿಯವರೆಗೆ ನಿಂತಿದ್ದ ಗುರುತು. ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಹಾಲು ಹಾಕಿದ ಕಾಫಿ ಬಣ್ಣ.

2018, 2019ರ ಆಗಸ್ಟ್ ತಿಂಗಳು ಕೊಡಗಿನವರು ಯಾರೂ ಮರೆಯೋದಿಲ್ಲ. ಮನೆಗಳೇ ಮುಳುಗಿದ್ದವು, ಬೈಕ್ ಮುಳುಗಿದ್ದು ದೊಡ್ಡದಲ್ಲ. ಮುಳುಗಿದ್ದು ತಪ್ಪೂ ಅಲ್ಲ. ಆದರೆ ಹೇಳದೆ ಮಾರೋದು ತಪ್ಪು. ನೀರು ಕುಡಿದ ವೈರಿಂಗ್ ಇವತ್ತು ಓಡ್ತದೆ, ನಾಳೆ ರಾತ್ರಿ ಕಾಡಿನ ಮಧ್ಯೆ ಲೈಟ್ ಹೋಗ್ತದೆ. ಎಬಿಎಸ್ ಕಂಟ್ರೋಲ್ ಕೆಟ್ಟರೆ ಬೈಕಿನ ಅರ್ಧ ಬೆಲೆಯೇ ಅದಕ್ಕೆ ಬೇಕು. ಇಕ್ಕ ಏನೂ ಹೇಳದೆ ಸೀಟ್ ವಾಪಸ್ ಹಾಕಿ, ‘ಬಾ, ಹೋಗುವ’ ಅಂದರು.

ಎರಡನೇದು ಕಣ್ಣೂರಿನಲ್ಲಿತ್ತು, ಕೆಎಲ್-13 ನಂಬರ್. ಮಾಕುಟ್ಟ ಘಾಟಿ ಇಳಿದು ಹೋಗಿ ನೋಡಿದೆವು. ಬೈಕ್ ಬಹಳ ಚೆನ್ನಾಗಿತ್ತು. ಅರವತ್ತೈದು ಸಾವಿರ ಹೇಳಿದರು. ಕೊಡಗಿನಲ್ಲಿ ಕೇರಳದ ನಂಬರಿನ ಗಾಡಿಗಳು ಬೇಕಾದಷ್ಟಿವೆ, ಹಾಗೇ ಓಡಿಸು ಅಂದರು ನನ್ನ ಸ್ನೇಹಿತರು. ಆದರೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ತಗೊಳ್ಳಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಫಾರ್ಮ್ 27 ಕೊಡಬೇಕು, ವಾಹನದ ವಯಸ್ಸು ನೋಡಿ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ತೆರಿಗೆ, ಓಡಾಟ, ರಜೆ ಎಲ್ಲ ಸೇರಿಸಿದರೆ ಕಡಿಮೆ ಬೆಲೆ ಅನ್ನೋದು ಉಳಿಯೋದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅರ್ಧ ಕಾಗದದ ಗಾಡಿ ಓಡಿಸೋ ಧೈರ್ಯ ನನ್ನಲ್ಲಿ ಇರಲಿಲ್ಲ. ಕೈ ಮುಗಿದು ಬಂದೆ.

ಮೂರನೇದು ಅಮ್ಮತ್ತಿಯ ಕಡೆ, ಒಂದು ಹಳೇ ಮನೆಯ ಶೆಡ್ಡಿನಲ್ಲಿ. ಕೆಎ-12, ಮಡಿಕೇರಿ ನೋಂದಣಿ, 2014ರದ್ದು. ಬೈಕ್ ಮಗನದ್ದು, ಮಗ ಕೆನಡಾಕ್ಕೆ ಹೋಗಿ ಐದು ವರ್ಷ. ಮನೆಯಲ್ಲಿ ಅಪ್ಪ ಒಬ್ಬರೇ. ನಿವೃತ್ತ ಸೈನಿಕರು, ಎಪ್ಪತ್ತು ದಾಟಿದೆ. ನಾವು ಹೋಗುವಷ್ಟರಲ್ಲಿ ಬೈಕನ್ನು ತೊಳೆದು, ಸ್ಟಾರ್ಟ್ ಮಾಡಿ ಇಟ್ಟಿದ್ದರು.

ಇಕ್ಕ ಎಂಜಿನ್ ಮುಟ್ಟಿ ನೋಡಿದರು. ಬಿಸಿ. ನನ್ನ ಮುಖ ನೋಡಿದರು. ಇದು ನೆನಪಿಡಿ, ಬೈಕ್ ನೋಡೋಕೆ ಹೋದಾಗ ಎಂಜಿನ್ ತಣ್ಣಗಿರಬೇಕು. ಬಿಸಿ ಎಂಜಿನ್ ಯಾವುದೂ ಸುಲಭವಾಗಿ ಸ್ಟಾರ್ಟ್ ಆಗ್ತದೆ. ಬೆಳಗ್ಗೆ ಮೊದಲ ಸಲ ಸೆಲ್ಫ್ ಒತ್ತಿದಾಗ ಬರುವ ಸದ್ದು, ಹೊಗೆ, ಆಗ ಗೊತ್ತಾಗ್ತದೆ ಒಳಗಿನ ಕಥೆ. ‘ಅಂಕಲ್, ಇದು ತಣ್ಣಗಾಗಲಿ, ಆಮೇಲೆ ನೋಡ್ತೇವೆ’ ಅಂದೆ. ಅವರಿಗೆ ಬೇಸರ ಆಗ್ಬಹುದು ಅಂದುಕೊಂಡೆ. ‘ಆಗಲಪ್ಪ, ಕೂತ್ಕೊಳ್ಳಿ. ಕಾಫಿ ಕುಡಿಯಿರಿ’ ಅಂದರು. ಬೆಲ್ಲದ ಕಾಫಿ ಬಂತು.

ಎರಡು ಗಂಟೆ ಕೂತೆವು. ಅವರು ಒಂದು ನೋಟ್‌ಬುಕ್ ತಂದರು. ಮಗ ಇದ್ದಾಗಿನ ಪ್ರತಿಯೊಂದು ಸರ್ವಿಸ್, ಎಷ್ಟು ಕಿಲೋಮೀಟರಿಗೆ ಆಯಿಲ್, ಯಾವಾಗ ಚೈನ್, ಎಲ್ಲ ಬರೆದಿಟ್ಟಿದ್ದರು. ಮಗ ಹೋದ ಮೇಲೆ ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ದರಂತೆ. ತಾರೀಕು ಸಮೇತ ಅದೂ ಇತ್ತು. ಐದು ವರ್ಷದ ಭಾನುವಾರಗಳು.

ಇಲ್ಲೊಂದು ವಿಷಯ. ನಿಂತ ಬೈಕನ್ನು ಹೀಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದರಿಂದ ಉಪಕಾರಕ್ಕಿಂತ ತೊಂದರೆ ಜಾಸ್ತಿ. ಎಂಜಿನ್ ಪೂರ್ತಿ ಕಾಯೋದಿಲ್ಲ, ಒಳಗಿನ ನೀರಿನಂಶ ಆವಿಯಾಗಿ ಹೊರಗೆ ಹೋಗೋದಿಲ್ಲ, ಆಯಿಲ್ ಜೊತೆ ಸೇರ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಂತೂ ಕೇಳೋದೇ ಬೇಡ. ಓಡಿಸಿ ಚೆನ್ನಾಗಿ ಬಿಸಿ ಮಾಡಬೇಕು, ಇಲ್ಲವಾದರೆ ಸುಮ್ಮನೆ ಬ್ಯಾಟರಿ ವೈರ್ ತೆಗೆದು ಬಿಡಬೇಕು. ಇಕ್ಕ ಮುಚ್ಚಳ ತೆಗೆದಾಗ ಇಲ್ಲೂ ಒಳಗೆ ಬಿಳಿ ಪದರ ಕಂಡಿತು. ನನಗೆ ಎದೆ ಧಸಕ್ಕೆಂದಿತು. ಇಕ್ಕ ಸ್ವಲ್ಪ ಆಯಿಲ್ ಇಳಿಸಿ ಬಟ್ಟಲಲ್ಲಿ ನೋಡಿದರು. ಕಪ್ಪಾಗಿತ್ತು, ಆದರೆ ಹಾಲು ಬಣ್ಣ ಇಲ್ಲ. ಕೂಲೆಂಟ್ ಮಟ್ಟ ಸರಿ ಇತ್ತು, ಅದರಲ್ಲಿ ಆಯಿಲ್ ತೇಲ್ತಿರಲಿಲ್ಲ. ಸೀಟಿನ ಕೆಳಗೆ ಕೆಸರಿಲ್ಲ. ‘ಇದು ಹೊಳೆ ನೀರಲ್ಲ, ಭಾನುವಾರದ ನೀರು’ ಅಂದರು. ಆಯಿಲ್ ಬದಲಾಯಿಸಿ ಐನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿದರೆ ಸಾಕು.

ಆದರೆ ಇದನ್ನು ಆ ಹಿರಿಯರಿಗೆ ಹೇಗೆ ಹೇಳೋದು? ನಾವಿಬ್ಬರೂ ಹೇಳಲಿಲ್ಲ.

ಆಮೇಲೆ ಒಂದೊಂದಾಗಿ ಪರೀಕ್ಷೆ. ಕೇಳುಗರು ಬರ್ಕೊಳ್ಳಿ, ಯಾವ ಬೈಕಿಗೂ ಆಗ್ತದೆ. ಮೊದಲು ಎಂಜಿನ್ ನಂಬರ್, ಚಾಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಾಡಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಕೋನ್ ಸೆಟ್ ಹೋಗಿದೆ. ಫೋರ್ಕ್ ಜೋರಾಗಿ ಒತ್ತಿ ಬಿಡಿ, ಸುತ್ತ ಎಣ್ಣೆ ಉಂಗುರ ಕಂಡರೆ ಸೀಲ್ ಹೋಗಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಾಗುವ ಜಾಗ ಇರ್ತದಲ್ಲ, ಅಲ್ಲಿ ಜಜ್ಜಿದ್ದರೆ ಗಾಡಿ ಜೋರಾಗಿ ಬಿದ್ದಿದೆ ಅಂತ ಅರ್ಥ. ಹಿಂದಿನ ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಸಮೇತ ಬದಲಾಯಿಸಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇಲ್ಲಿ 2317 ಅಂತಿತ್ತು, ಅಂದರೆ 2017ರ 23ನೇ ವಾರ. ಗುಂಡಿ ಎಷ್ಟೇ ಆಳ ಇದ್ದರೂ ಅಷ್ಟು ಹಳೇ ರಬ್ಬರ್ ನಮ್ಮ ಒದ್ದೆ ರಸ್ತೆಗೆ ಆಗೋದಿಲ್ಲ.

ಎಬಿಎಸ್ ಲೈಟಿನ ವಿಷಯ ಮುಖ್ಯ. ಕೀ ಹಾಕಿದ ಕೂಡಲೇ ಅದು ಹತ್ತಬೇಕು, ಸ್ವಲ್ಪ ದೂರ ಓಡಿದ ಮೇಲೆ ಆರಬೇಕು. ಆರದೇ ಇದ್ದರೆ ತೊಂದರೆ. ಹತ್ತದೇ ಇದ್ದರೆ ಇನ್ನೂ ದೊಡ್ಡ ಅನುಮಾನ, ಯಾರೋ ಲೈಟನ್ನೇ ತಪ್ಪಿಸಿರಬಹುದು. ಇಲ್ಲಿ ಸರಿಯಾಗಿ ಹತ್ತಿತು, ಸರಿಯಾಗಿ ಆರಿತು.

ಎಡಗಡೆ ಹ್ಯಾಂಡಲ್ ತುದಿ ಮಾತ್ರ ಸವೆದಿತ್ತು, ಫೇರಿಂಗ್ ಮೇಲೆ ಗೀರು. ಕೇಳಿದೆ. ‘ಅದು ಶೆಡ್ ಕಂಬಕ್ಕೆ ತಾಗಿದ್ದು, ನಾನೇ ತಳ್ಳುವಾಗ’ ಅಂದರು ಹಿರಿಯರು. ಇಕ್ಕ ಸುಮ್ಮನಿದ್ದರು. ಕಂಬಕ್ಕೆ ತಾಗಿದರೆ ಹಾಗೆ ಸವೆಯೋದಿಲ್ಲ, ಡಾಂಬರಿನ ಮೇಲೆ ಜಾರಿದರೆ ಸವೆಯೋದು. ಫ್ರೇಮ್ ಜಜ್ಜಿರಲಿಲ್ಲ, ಓಡಿಸಿದಾಗ ಎಲ್ಲೂ ಎಳೆಯಲಿಲ್ಲ. ಹಾಗಾಗಿ ಬಿಟ್ಟೆವು.

ಬೆಲೆಯ ಮಾತು ಬಂತು. ಒಂದು ಲಕ್ಷ ಅಂದರು. ಟೈರ್, ಚೈನ್ ಸ್ಪ್ರಾಕೆಟ್, ಬ್ಯಾಟರಿ, ಫೋರ್ಕ್ ಸೀಲ್, ಬ್ರೇಕ್ ಆಯಿಲ್, ಕೂಲೆಂಟ್, ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಆಗ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ‘ಇದರಲ್ಲಿ ಸುಳ್ಳಿಲ್ಲ’ ಅಂದರು. ಎಂಬತ್ತೈದಕ್ಕೆ ಆಯ್ತು. ಚೌಕಾಸಿಗೆ ನನಗೆ ಗೊತ್ತಿರುವ ಒಂದೇ ವಿದ್ಯೆ ಇದು: ಗಾಡಿಯನ್ನು ಹಳಿಯಬೇಡಿ, ಖರ್ಚಿನ ಪಟ್ಟಿ ಕೊಡಿ.

ಈಗ ಕಾಗದ. ಮಗ ಸಾಲ ಮಾಡಿ ಬೈಕ್ ತಗೊಂಡಿದ್ದ. ಸಾಲ ಎಂದೋ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸದೆ ಹೆಸರು ಬದಲಾಗೋದಿಲ್ಲ. ಬ್ಯಾಂಕಿನಿಂದ ಸಾಲ ತೀರಿದ ಪತ್ರ, ಜೊತೆಗೆ ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಅದಕ್ಕೆ ಮಾಲೀಕನ ಸಹಿ ಬೇಕು. ಒಟಿಪಿ ಹೋಗೋದು ನೋಂದಾಯಿತ ಮೊಬೈಲಿಗೆ. ಮಾಲೀಕ ಇರೋದು ಕೆನಡಾದಲ್ಲಿ.

‘ಅವನ ಸಹಿ ನನಗೆ ಹಾಕೋಕೆ ಬರ್ತದೆ’ ಅಂದರು ಹಿರಿಯರು ನಗ್ತಾ. ನಾನು ನಗಲಿಲ್ಲ. ಕೋರ್ಟಿನ ಜಗಲಿಯ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದ್ರೆ ಪುತ್ತರಿಗೆ ಬರ್ತಾನೆ. ಆಗ ಆಗಲಿ’ ಅಂದರು. ಐದು ಸಾವಿರ ಮುಂಗಡ ಕೊಟ್ಟು, ಏನೇನು ಮಾತಾಯ್ತು ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹೊರಡುವಾಗ ಅವರು ಹೇಳಿದರು: ‘ಬೈಕ್ ಶೆಡ್ಡಲ್ಲಿರುವವರೆಗೆ ಅವನು ವಾಪಸ್ ಬರ್ತಾನೆ ಅಂತ ಒಂದು ಲೆಕ್ಕ ಇತ್ತು. ಮಾರು ಅಂತ ಅವನೇ ಹೇಳಿದ ನೋಡು.’

ಎರಡೂವರೆ ತಿಂಗಳು ಕಾದೆ. ಬೇರೆ ಬೈಕ್ ನೋಡು ಅಂದವರು ಬಹಳ. ನೋಡಲಿಲ್ಲ.

ಪುತ್ತರಿಗೆ ಮಗ ಬಂದ. ಬ್ಯಾಂಕಿಗೆ ಹೋಗಿ ಪತ್ರ ತಂದ, ಮಡಿಕೇರಿಯ ಆರ್‌ಟಿಒ ಕಚೇರಿಗೆ ನಾವಿಬ್ಬರೂ ಹೋದೆವು. ಬಾಕಿ ದಂಡ ಇದೆಯಾ ಅಂತ ನೋಡಿದೆವು, ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದೆವು. ಅಲ್ಲಿ ಸಾಲಲ್ಲಿ ನಿಂತಿದ್ದಾಗ ಆತ ಮೆಲ್ಲಗೆ ಹೇಳಿದ: ‘ಅಣ್ಣ, ಒಂದು ಮಾತು. ಮಾಕುಟ್ಟದ ಒಂದು ತಿರುವಿನಲ್ಲಿ ನಾನು ಬಿದ್ದಿದ್ದೆ. ಎಡಗಡೆಯ ಗೀರು ಅದೇ. ದೊಡ್ಡದೇನಿಲ್ಲ, ಆದರೆ ನಿಮಗೆ ಹೇಳಬೇಕು ಅನ್ನಿಸ್ತು. ಅಪ್ಪನಿಗೆ ಮಾತ್ರ ಗೊತ್ತಿಲ್ಲ, ಹೇಳಬೇಡಿ.’

ಆಯ್ತು ಅಂದೆ. ಅಪ್ಪ ಕಂಬದ ಕಥೆ ಹೇಳಿದ್ದನ್ನು ನಾನೂ ಅವನಿಗೆ ಹೇಳಲಿಲ್ಲ.

ಹೆಸರು ಬದಲಾದ ಮೇಲೆಯೇ ಉಳಿದ ಎಂಬತ್ತು ಸಾವಿರ ಬ್ಯಾಂಕ್ ಮೂಲಕ ಕಳಿಸಿದೆ. ಇನ್ಶೂರೆನ್ಸ್ ನನ್ನ ಹೆಸರಿಗೆ ಮಾಡಿಸಿದೆ. ಹಳೇ ಪಾಲಿಸಿ ಚಾಲ್ತಿಯಲ್ಲಿದ್ದರೆ 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸ್ಕೊಳ್ಳಬೇಕು, ಇದನ್ನು ಎಷ್ಟೋ ಜನ ಬಿಡ್ತಾರೆ. ನೋ ಕ್ಲೇಮ್ ಬೋನಸ್ ಮಾರಿದವರದ್ದು, ಅದು ನಮಗೆ ಬರೋದಿಲ್ಲ. ಇನ್ನೊಂದು, ಬೈಕಿನ ನೋಂದಣಿ 15 ವರ್ಷಕ್ಕೆ. 2014ರ ಬೈಕಿಗೆ 2029ರಲ್ಲಿ ನವೀಕರಣ ಬರ್ತದೆ. ಹಳೇದು ಕೊಳ್ಳೋರು ಆ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ.

ಮಾರೋರಿಗೂ ಒಂದು ಮಾತು. ಒಂದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸೋದು ಮಾರಿದವರ ಕರ್ತವ್ಯ, 30 ದಿನದೊಳಗೆ ಕೊಂಡವರದ್ದು. ಕಾಯ್ದೆಯ 50ನೇ ಸೆಕ್ಷನ್ ಇದು. ಖಾಲಿ ಫಾರ್ಮಿಗೆ ಸಹಿ ಹಾಕಿಕೊಟ್ಟು ಮನೆಗೆ ಬಂದು ಮಲಗಬೇಡಿ. ನಂಬರ್ ಹಾಕಿ ಆನ್‌ಲೈನಲ್ಲಿ ನೋಡಿ, ನಿಮ್ಮ ಹೆಸರು ಹೋಗಿದೆಯಾ ಅಂತ. ಹೋಗುವವರೆಗೆ ಆ ಗಾಡಿ ನಿಮ್ಮದೇ.

ಈಗ ಬೈಕ್ ಬಂದು ಕೆಲವು ತಿಂಗಳಾಯ್ತು. ಐನೂರು ಕಿಲೋಮೀಟರ್ ಆದಮೇಲೆ ಇಕ್ಕ ಮುಚ್ಚಳ ತೆಗೆದು ನೋಡಿದರು, ಬಿಳಿ ಪದರ ಇಲ್ಲ. ಶುಕ್ರವಾರ ಮೂರು ಗಂಟೆಗೇ ಮೈಸೂರು ಬಿಡ್ತೇನೆ, ಕತ್ತಲಿಗೆ ಮುಂಚೆ ಆನೆಕಾಡು ದಾಟ್ತೇನೆ. ಒಮ್ಮೆ ತಿರುವಿನಾಚೆ ಒಂಟಿ ಆನೆ ಇತ್ತು. ಮಳೆ ಬಿದ್ದ ರಸ್ತೆ. ಬ್ರೇಕ್ ಒತ್ತಿದೆ, ಚಕ್ರ ಜಾರಲಿಲ್ಲ, ನಿಂತಿತು. ಲೈಟ್ ಆರಿಸಿ, ಹಿಂದೆ ಬರ್ತಿದ್ದ ಜೀಪಿಗೆ ಕೈ ತೋರಿಸಿ ನಿಂತೆ. ಅದು ತನ್ನ ಪಾಡಿಗೆ ತೋಟದ ಬೇಲಿ ದಾಟಿ ಹೋಯ್ತು. ಹೊಸ ಟೈರಿನ ದುಡ್ಡು ಅವತ್ತೇ ವಸೂಲಾಯ್ತು.

ಅಮ್ಮತ್ತಿಯ ಆ ಅಂಕಲ್ ಭಾನುವಾರ ಫೋನ್ ಮಾಡ್ತಾರೆ. ‘ಎಷ್ಟಾಯ್ತಪ್ಪ?’ ಅಂತ ಕೇಳ್ತಾರೆ. ಮೀಟರ್ ಓದಿ ಹೇಳ್ತೇನೆ. ಆ ಕಡೆಯಿಂದ ಪೆನ್ನಿನ ಸದ್ದು ಕೇಳ್ತದೆ. ನೋಟ್‌ಬುಕ್ ಅವರ ಹತ್ತಿರವೇ ಉಂಟು, ನಾನು ಕೇಳಲಿಲ್ಲ.

ಇಷ್ಟೇ ನನ್ನ ಮಾತು. ನಿಧಾನಕ್ಕೆ ಓಡಿಸಿ.